ದರ್ಜಿಯ ಕಾರಿನ ಟಕ್ ಟಕ್

ಆ ದಿನ ಬೆಳಿಗ್ಗೆ ಎಂಥ ಮಂಜು ಕವಿದಿತ್ತೆಂದರೆ, ದರ್ಜಿ ತನ್ನ ಅಂಗಡಿಯ ಬಾಗಿಲು ತೆರೆದು ನಿಂತಾಗ ಎದುರಿನ ಸಲೂನು ಕಾಣಲಿಲ್ಲ, ಸಲೂನಿನವನ ಕೆಮ್ಮು ಮಾತ್ರ ಕೇಳಿಸಿತು. ಮೇಲಿರುವವನು ಒಮ್ಮೊಮ್ಮೆ ಲೋಕಕ್ಕೆ ಹೀಗೆ ಮುಸುಕು ಹಾಕುತ್ತಾನೆ. ಮನುಷ್ಯ ಆಚೀಚೆ ನೋಡದೆ ತನ್ನ ಕೈಲಿರುವುದನ್ನು ನೋಡಿಕೊಳ್ಳಲಿ ಎಂದಿರಬೇಕು.

ದರ್ಜಿಯ ಕೈಯಲ್ಲಿದ್ದದ್ದು ಮೊಳದುದ್ದದ ಒಂದು ರಿಮೋಟ್ ರೇಸ್ ಕಾರು. ವಾರದಿಂದ ಅದರ ಹಿಂಚಕ್ರಗಳ ಬಳಿ ಟಕ್ ಟಕ್ ಎಂಬ ಸದ್ದು ಹುಟ್ಟಿಕೊಂಡಿತ್ತು.

"ಮೊದಲು ನಿಮ್ಮ ಅಂಗಿ ನೋಡ್ಕೊಳ್ಳಿ," ಎಂದಳು ಹೆಂಡತಿ. "ಊರಿನವರಿಗೆಲ್ಲ ಗುಂಡಿ ಹೊಲೀತೀರಿ, ನಿಮ್ಮ ಹೊಟ್ಟೆ ಮೇಲೆ ಪಿನ್ನು."

ರೇಸಿನ ಸಂಘಕ್ಕೆಂದು ದರ್ಜಿಯೇ ಹೊಲಿದ ನೀಲಿ ಅಂಗಿ ಅದು. ಹಸಿರು ಗುಂಡಿಗಳಲ್ಲಿ ಒಂದು ಎಲ್ಲೋ ಉದುರಿತ್ತು. ಆದರೆ ಇವತ್ತು ಗುಂಡಿ ಹುಡುಕುವ ದಿನವಲ್ಲ, ವರ್ಷದ ಕೊನೆಯ ರೇಸಿನ ದಿನ. ಸಂಘದಲ್ಲೊಂದು ಕಟ್ಟಳೆಯಿತ್ತು: ವರ್ಷದ ಕೊನೆಗೆ ಎಲ್ಲರಿಗಿಂತ ಹಿಂದುಳಿದವನು ಮುಂದಿನ ವರ್ಷವಿಡೀ ರಿಮೋಟು ಮುಟ್ಟುವಂತಿಲ್ಲ. ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ತಿರುವಿನಲ್ಲಿ ನಿಂತು, ಮಗುಚಿಬಿದ್ದ ಕಾರುಗಳನ್ನು ಓಡಿಹೋಗಿ ನೆಟ್ಟಗೆ ಮಾಡಬೇಕು. ಆ ಮೇಲಂಗಿಯನ್ನೂ ದರ್ಜಿಯೇ ಹೊಲಿದಿದ್ದ. ಯಾರ ಪಾಲಿಗೆ ಬರುತ್ತದೋ ಪಾಪ ಎಂದು ಹೊಟ್ಟೆಯ ಹತ್ತಿರ ಸ್ವಲ್ಪ ಸಡಿಲ ಬಿಟ್ಟಿದ್ದ.

ಈಗ ಕಟ್ಟಕಡೆಯ ಜಾಗದಲ್ಲಿ ಸಮಸಮ ನಿಂತವರು ಇಬ್ಬರು: ಅವನು, ಮತ್ತು ಅವನ ಹೆಂಡತಿಯ ಅಣ್ಣ.

ಟಕ್ ಟಕ್ ಸದ್ದು ರಸ್ತೆ ದಾಟಿತೋ ಏನೋ, ಮಂಜಿನೊಳಗಿಂದ ಸಲೂನಿನವನು ಕತ್ತರಿ ಹಿಡಿದೇ ಬಂದ.

"ಮಾಸ್ಟ್ರೇ, ಡಿಫ್ ಸವೆದಿದೆ. ನೋಡೋದೇ ಬೇಡ, ಸದ್ದೇ ಹೇಳ್ತಿದೆ."

ಡಿಫ್ ಎಂದರೆ ತಿರುವಿನಲ್ಲಿ ಒಳಚಕ್ರವನ್ನು ನಿಧಾನವಾಗಿ, ಹೊರಚಕ್ರವನ್ನು ಜೋರಾಗಿ ಓಡಲು ಬಿಡುವ ಪುಟ್ಟ ಗೇರುಗಳ ಸಂಸಾರ. ಗೇರ್‌ಪೆಟ್ಟಿಗೆಯೊಳಗೆ ಅದರ ವಾಸ.

"ಹಿಂದಿನ ಪೆಟ್ಟಿಗೆ ಪೂರ್ತಿ ಹೊಸದು ಹಾಕಿ. ಮುಂದೆ ಡಿಫ್ಫೇ ಬೇಡ, ಸ್ಪೂಲ್ ಹಾಕಿ, ಎರಡೂ ಚಕ್ರ ಒಟ್ಟಿಗೆ ತಿರುಗಲಿ. ನನ್ನ ಹತ್ರ ಒಂದು ಸುಮ್ಮನೆ ಬಿದ್ದಿದೆ, ತರ್ತೀನಿ."

ಹೊಸ ಪೆಟ್ಟಿಗೆಯನ್ನು ದರ್ಜಿ ಆಗಲೇ ಕೊಂಡು ತಂದಿದ್ದ. ಹೊಸ ಇಸ್ತ್ರಿಪೆಟ್ಟಿಗೆಗೆ ಕೂಡಿಟ್ಟಿದ್ದು ಅದಕ್ಕೆ ಹೋಗಿತ್ತು. ಪೆಟ್ಟಿಗೆಗೆ ಪೆಟ್ಟಿಗೆ ಎಂದು ಹೆಂಡತಿಗೆ ಹೇಳಲು ಧೈರ್ಯವಾಗಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಔಷಧಿ ಅಂಗಡಿಯವರು ಬಂದರು. "ಹೊಸ ಡಿಫ್ಫಿಗೆ ಕಂಪನಿ ಹಾಕಿರೋ ಎಣ್ಣೆ ನೀರು ಕಣ್ರೀ. ಬಿಚ್ಚಿ, ದಪ್ಪ ಎಣ್ಣೆ ಹಾಕಿ. ಕೆಮ್ಮಿನ ಔಷಧಿ ಥರ ನಿಧಾನಕ್ಕೆ ಇಳೀಬೇಕು."

ಹಿಂದೆಯೇ ಮೂರನೆಯವರು ಬಂದರು, ನಿವೃತ್ತ ಬಸ್ ಡ್ರೈವರು. "ಅದೆಲ್ಲ ಇರಲಿ. ಮೋಟಾರಿನ ಹಲ್ಲುಚಕ್ರ ಒಂದು ಸೈಜು ಚಿಕ್ಕದು ಹಾಕು ತಮ್ಮಾ. ಏರು ಹತ್ತೋ ಶಕ್ತಿ ಬರತ್ತೆ."

"ಅಲ್ಲಿ ಏರೇ ಇಲ್ವಲ್ಲ ಸಾರ್."

"ಇದ್ದಿದ್ರೆ?"

ಇಲ್ಲದ ಏರಿಗಾಗಿ ಹಲ್ಲುಚಕ್ರವೂ ಬದಲಾಯಿತು. ಕತ್ತರಿಸುವ ಮೇಜಿನ ಮೇಲೆ ಗಿರಾಕಿಯೊಬ್ಬರ ಕೋಟು ತೋಳಿಲ್ಲದೆ ಬಿದ್ದಿತ್ತು. ಅದರ ಪಕ್ಕದಲ್ಲಿ ಕಾರು ಚಕ್ರವಿಲ್ಲದೆ ಬಿದ್ದುಕೊಂಡಿತು.

ಆಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಭಾವ. ಹೆಂಡತಿಯ ಅಣ್ಣ, ಗ್ರಂಥಾಲಯದಲ್ಲಿ ಕೆಲಸ ಮಾಡುವವರು. ಮಾತಾಡಬೇಡಿ ಎಂಬ ಫಲಕದ ಕೆಳಗೆ ಕೂತು ಕೂತು ಅವರ ದನಿ ಪಿಸುಮಾತಿಗೆ ಇಳಿದಿತ್ತು.

"ಭಾವ, ನನ್ನ ಕಾರಿನ ಹಿಂದಿನ ಪೆಟ್ಟಿಗೆ ಒಡೆದುಹೋಯ್ತು. ನಿಮ್ಮ ಹತ್ರ ಹಳೇದೇನಾದ್ರೂ..."

ದರ್ಜಿ ಕರಗಿಹೋದ. ಹೊಸದು ಕೈಗೆ ಬಂದವನ ಕರುಣೆಗೆ ಎಣೆಯಿಲ್ಲ. ಟಕ್ ಟಕ್ ಎನ್ನುವ ಹಳೆಯ ಪೆಟ್ಟಿಗೆಯನ್ನೇ ಎತ್ತಿ ಕೊಟ್ಟ. "ಸದ್ದು ಮಾಡತ್ತೆ ಭಾವ, ಬೇಜಾರಿಲ್ಲ ತಾನೇ?"

"ಸಾಯಂಕಾಲ ವಾಪಸ್ ಕೊಡ್ತೀನಿ," ಎಂದು ಭಾವ ಮಂಜಿನೊಳಗೆ ಕರಗಿದರು.

"ಎಂಥ ಮನಸ್ಸು ಮಾಸ್ಟ್ರೇ ನಿಮ್ದು," ಎಂದ ಸಲೂನಿನವನು. "ಅವರಿನ್ನು ಕಿತ್ತಳೆ ಅಂಗಿ ಹಾಕ್ಕೊಂಡ ಹಾಗೇ."

ದಪ್ಪ ಎಣ್ಣೆ ತುಂಬಿ, ಡಿಫ್ಫನ್ನು ಪೆಟ್ಟಿಗೆಗೆ ಮತ್ತೆ ಕೂರಿಸುವಾಗ ಮೂರು ಜೊತೆ ಕೈ ಅಡ್ಡ ಬಂದವು. ಕೊನೆಗೆ ಕಾರನ್ನು ಎತ್ತಿ ಹಿಡಿದು ರಿಮೋಟು ಒತ್ತಿದರೆ ನಾಲ್ಕೂ ಚಕ್ರ ಗಿರ್ರನೆ ತಿರುಗಿದವು. ಒಂದು ಸದ್ದಿಲ್ಲ. ನಾಲ್ವರೂ ಮಗುವಿನ ಮೊದಲ ಹಲ್ಲು ಕಂಡವರಂತೆ ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿತು. ರಜೆಯಾದ್ದರಿಂದ ಮಾರುಕಟ್ಟೆಯ ವಾಹನ ನಿಲ್ದಾಣ ಖಾಲಿಯಿತ್ತು. ಅಲ್ಲೇ ಹಳೆಯ ಪೈಪುಗಳನ್ನು ಅಂಚಿಗೆ ಹಾಸಿ ರೇಸಿನ ದಾರಿ ಮಾಡಿದ್ದರು. ದರ್ಜಿಯ ಸುತ್ತ ಮೂವರೂ ಮದುಮಗನ ಕಡೆಯವರಂತೆ ನಿಂತಿದ್ದರು. ತಿರುವಿಗೆ ಮೊದಲೇ ವೇಗ ತಗ್ಗಿಸು, ತಗ್ಗಿಸಬೇಡ, ಹಾರನ್ ಇದ್ದಿದ್ದರೆ ಹೊಡೆಯಬಹುದಿತ್ತು. ಈ ಗದ್ದಲದ ನಡುವೆ ಭಾವ ಬಂದು ಅವನ ತೋಳು ಮುಟ್ಟಿದರು. ಅವರ ಒಂದು ಕೈ ಮುಷ್ಟಿ ಬಿಗಿದಿತ್ತು.

"ಭಾವ, ಒಂದು ನಿಮಿಷ. ಆ ಪೆಟ್ಟಿಗೆ ಬಿಚ್ಚಿದೆ, ಅದರಲ್ಲಿ..."

"ಆಮೇಲೆ ಭಾವ, ಆಮೇಲೆ. ಸವೆದಿದೆ ಅಂತ ನಂಗೂ ಗೊತ್ತು. ದೇವರ ಮೇಲೆ ಭಾರ ಹಾಕಿ ಓಡಿಸಿ."

ಭಾವ ಇನ್ನೊಮ್ಮೆ ಬಾಯಿ ತೆರೆದರು. ಡ್ರೈವರು ಆಗ ಹಲ್ಲುಚಕ್ರದ ಮಹಿಮೆ ಹೇಳತೊಡಗಿದ್ದರು. ಭಾವ ಬಾಯಿ ಮುಚ್ಚಿ, ದೇವರ ಮೇಲೆ ಭಾರ ಹಾಕಲು ಹೋದರು.

ಸೀಟಿ ಊದಿದರು. ಎಲ್ಲ ಕಾರುಗಳೂ ಬಾಣದಂತೆ ಹೊರಟವು. ದರ್ಜಿಯ ಕಾರು ಇದ್ದಲ್ಲೇ ಗಡಗಡ ನಡುಗಿತು. ಅವನು ಇನ್ನಷ್ಟು ಒತ್ತಿದ. ಅದು ಇನ್ನಷ್ಟು ನಡುಗಿತು. ಮುಂದಿನ ಚಕ್ರಗಳು ಮುಂದಕ್ಕೆ ಎಳೆಯುತ್ತಿದ್ದವು, ಹಿಂದಿನವು ಹಿಂದಕ್ಕೆ. ತವರಿಗೆ ಹೊರಟ ಹೆಂಡತಿ, ಬೇಡವೆನ್ನುವ ಗಂಡ, ಒಂದೇ ಟ್ರಂಕನ್ನು ಎರಡು ಕಡೆಯಿಂದ ಹಿಡಿದಂತಿತ್ತು.

ಸಲೂನಿನವನು ಬಗ್ಗಿ ನೋಡಿದ. "ಮಾಸ್ಟ್ರೇ, ಡಿಫ್ ಎಡಬಲ ತಿರುಗಿಸಿ ಕೂರಿಸಿಬಿಟ್ಟಿದೀವಿ. ಅದಕ್ಕೇ ಹಿಂದಿನ ಚಕ್ರ ಉಲ್ಟಾ ತಿರುಗ್ತಿವೆ."

"ಕೂರಿಸಿಬಿಟ್ಟಿದೀರಿ," ಎಂದು ತಿದ್ದಿದರು ಔಷಧಿ ಅಂಗಡಿಯವರು.

"ನಾನು ಎಣ್ಣೆ ಹಾಕ್ಬೇಡಿ ಅಂತಲೇ ಹೇಳಿದ್ದೆ," ಎಂದರು ಡ್ರೈವರು. ಹಾಗೆ ಅವರು ಹೇಳಿರಲಿಲ್ಲ.

ದರ್ಜಿಯ ಕಾರು ನಿಂತಲ್ಲೇ ಹೊಗೆಯ ವಾಸನೆ ಬಿಡುತ್ತಿರುವಾಗ, ಅವನ ಮುಂದೆ ಭಾವನ ಕಾರು ಸುತ್ತಿನ ಮೇಲೆ ಸುತ್ತು ಹಾಕಿತು. ದರ್ಜಿ ಕಿವಿಗೊಟ್ಟು ಕೇಳಿದ. ಟಕ್ ಇಲ್ಲ, ಟಿಕ್ ಇಲ್ಲ. ನಯವಾಗಿ ಓಡಿ ಅದು ಮೂರನೆಯದಾಗಿ ಮುಗಿಸಿತು. ಭಾವ ತಮ್ಮ ಜನ್ಮದಲ್ಲೇ ಮೂರನೆಯವರಾಗಿರಲಿಲ್ಲ.

ಕಿತ್ತಳೆ ಮೇಲಂಗಿಯನ್ನು ದರ್ಜಿಗೆ ತೊಡಿಸಿದರು. ಸಡಿಲ ಬಿಟ್ಟದ್ದು ಅವನ ಹೊಟ್ಟೆಗೆ ಸರಿಯಾಗಿ ಒಪ್ಪಿತು. ಸಂಘದಲ್ಲಿ ಯಾರೂ ಇಷ್ಟು ಒಳ್ಳೆಯ ಹೊಲಿಗೆ ನೋಡಿರಲಿಲ್ಲ ಎಂದು ಎಲ್ಲರೂ ಹೊಗಳಿದರು.

ಸಂಜೆ ಅವನು ಅಂಗಡಿಯಲ್ಲಿ ಹಳೆಯ ಇಸ್ತ್ರಿಪೆಟ್ಟಿಗೆ ಕಾಯುವುದನ್ನೇ ಕಾಯುತ್ತ ಕೂತಿದ್ದಾಗ ಭಾವ ಬಂದರು. ಒರೆಸಿ, ಬಟ್ಟೆಯಲ್ಲಿ ಸುತ್ತಿದ ಗೇರ್‌ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

"ಏನೂ ಸವೆದಿಲ್ಲ ಭಾವ. ಒಳ್ಳೇ ಗೇರು."

"ಮತ್ತೆ ಆ ಸದ್ದು?"

"ಬೆಳಿಗ್ಗೆಯೇ ಗೊತ್ತಾಯ್ತು. ಹೇಳೋಣ ಅಂತಲೇ ರೇಸಿಗೆ ಮುಂಚೆ ಬಂದಿದ್ದೆ. ನಿಮಗೆ ಹೇಳೋರು ಅಷ್ಟು ಜನ ಇದ್ರಲ್ಲ, ನನ್ನ ಸರದಿ ಬರ್ಲಿಲ್ಲ."

ಭಾವ ಜೇಬಿಗೆ ಕೈಹಾಕಿ, ದರ್ಜಿಯ ಅಂಗೈ ಬಿಡಿಸಿ, ಅದರಲ್ಲಿ ಒಂದು ಹಸಿರು ಗುಂಡಿ ಇಟ್ಟರು. ಅದಕ್ಕಿನ್ನೂ ನೀಲಿ ದಾರದ ಎಳೆ ಅಂಟಿಕೊಂಡಿತ್ತು.