ತುಳಸಿಗೆ ಬೆಳ್ಳುಳ್ಳಿ ಅರ್ಕ

ಬಾಟಲಿಗಳ ಮೇಲೆ ಬರೆದಿರುವ ಅಳತೆಯ ಬಗ್ಗೆ ನನಗೆ ಮೊದಲಿನಿಂದಲೂ ಗೌರವ ಕಡಿಮೆ. ಎರಡು ಚಮಚ ಎಂದು ಬರೆದಿದ್ದರೆ ಅದು ಸಾಧಾರಣ ಕೆಮ್ಮಿನವರಿಗೆ, ನನ್ನದು ಸಾಧಾರಣ ಕೆಮ್ಮಲ್ಲ ಎಂದುಕೊಂಡು ನಾಲ್ಕು ಚಮಚ ಕುಡಿದು, ಕಚೇರಿಯಲ್ಲಿ ಸಾಹೇಬರ ಎದುರಿಗೇ ಫೈಲಿನ ಮೇಲೆ ತಲೆಯಿಟ್ಟು ನಿದ್ದೆ ಹೋದವನು ನಾನು. ಬಿಳಿ ಅಂಗಿಗೆ ನಾಲ್ಕು ಹನಿ ನೀಲಿ ಹಾಕಿ ಎಂದು ಹೆಂಡತಿ ಹೇಳಿದ್ದರೆ ಹದಿನಾಲ್ಕು ಹನಿ ಹಾಕಿ, ಒಂದು ಇಡೀ ಚಳಿಗಾಲ ಆಕಾಶಬಣ್ಣದ ಅಂಗಿಯಲ್ಲಿ ಓಡಾಡಿದ್ದೇನೆ. "ನಿಮ್ಮ ಕೈಯಾಗ ಉಪ್ಪಿನ ಡಬ್ಬಿ ಸಹಿತ ಕೊಡಬಾರದ್ರಿ" ಎಂದು ಇಂದಿರಾ ಹೇಳುತ್ತಾಳೆ. ಇದನ್ನೆಲ್ಲ ನಾನು ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದೆ. ಆದರೆ ತೊಂಬತ್ತರ ದಶಕದ ಕೊನೆಯ ಒಂದು ಕಾರ್ತಿಕದಲ್ಲಿ ನಡೆದದ್ದಕ್ಕೆ ಮಾತ್ರ ಈಗಲೂ ನಗಲಾರೆ. ಮನೆಯಲ್ಲಿ ಅದನ್ನು ಇಂದಿರಾ ಒಬ್ಬಳೇ ಬಲ್ಲಳು. ಈಗ ನಿಮಗೆ ಹೇಳುತ್ತಿದ್ದೇನೆ, ದಯವಿಟ್ಟು ನಮ್ಮ ಅವ್ವನ ಕಿವಿಗೆ ಹಾಕಬೇಡಿ.

ನಾವು ಧಾರವಾಡದ ಕಡೆಯವರು. ಪುಣೆಯ ಶಿವಾಜಿನಗರದಲ್ಲಿ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ಇಲ್ಲಿ ಅಂಗಳವಿಲ್ಲ, ಗ್ಯಾಲರಿ ಇದೆ. ಆ ಗ್ಯಾಲರಿಯ ಮೂಲೆಯಲ್ಲಿ ಸಿಮೆಂಟಿನ ಕುಂಡ, ಕುಂಡದಲ್ಲಿ ಅವ್ವನ ತುಳಸಿ. ಅವ್ವ ದಿನಾ ಮಿಂದು ಅದಕ್ಕೆ ನೀರೆರೆದು, ಒಂದು ದಳ ಕಿತ್ತು ದೇವರ ತೀರ್ಥಕ್ಕೆ ಹಾಕಿ, ಆ ತೀರ್ಥ ತಗೊಂಡ ಮೇಲೆಯೇ ಚಹಾ. ಜ್ವರವಿರಲಿ, ಊರಿನಿಂದ ಬೀಗರು ಬಂದಿರಲಿ, ಈ ಕ್ರಮ ತಪ್ಪುತ್ತಿರಲಿಲ್ಲ. ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ಚಾತುರ್ಮಾಸ. ಆಗ ನಮ್ಮ ಮನೆಯ ಹೊಸ್ತಿಲೊಳಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಕಾಲಿಡುವಂತಿಲ್ಲ. ನಾನು ಶಿವಾಜಿನಗರ ಸ್ಟೇಷನ್ನಿನ ಹೊರಗೆ ಕಾಂದಾ ಭಜಿ, ಅಂದರೆ ಉಳ್ಳಾಗಡ್ಡಿ ಭಜಿ ತಿಂದು, ಹಿಡಿ ತುಂಬ ಬಡೇಸೋಪು ಜಗಿದು, ಮೆಟ್ಟಿಲು ಹತ್ತಿ ಬಂದರೂ ಅವ್ವ ಬಾಗಿಲಲ್ಲೇ ಮೂಗೆಳೆದು, "ಮದಲ ಬಾಯಿ ತೊಳಕೋ ಹೋಗು" ಎನ್ನುತ್ತಿದ್ದಳು. ದ್ವಾದಶಿಯ ಸಂಜೆ ತುಳಸಿ ಲಗ್ನವಾದ ಮೇಲೆಯೇ ಅಡುಗೆಮನೆಗೆ ಅವುಗಳ ಪುನಃಪ್ರವೇಶ.

ಆ ವರ್ಷ ನವರಾತ್ರಿಯ ಹೊತ್ತಿಗೆ ತುಳಸಿಗೆ ಹಿಟ್ಟು ತಿಗಣೆ ಹತ್ತಿತು. ಹತ್ತಿಯ ಚೂರು ಅಂಟಿಸಿದ ಹಾಗೆ ಕಾಂಡದ ತುಂಬ ಬೆಳ್ಳಗೆ ಕೂತು ರಸ ಹೀರುವ ಹುಳ. ಅವ್ವ ಹೂಬತ್ತಿಯ ತುದಿಯಿಂದ ಒಂದೊಂದನ್ನೇ ಎತ್ತಿ, ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲಿಟ್ಟುಕೊಂಡು, ಎರಡು ಮಹಡಿ ಇಳಿದು, ಗೋಡೆಯ ಆಚೆ ಬಿಟ್ಟು ಬರುತ್ತಿದ್ದಳು. ಕೊಲ್ಲುವ ಮಾತೇ ಇಲ್ಲ. ಇವಳು ಹತ್ತು ಹುಳ ಬಿಟ್ಟು ಬರುವಷ್ಟರಲ್ಲಿ ಅಲ್ಲಿ ಇಪ್ಪತ್ತು ಹುಟ್ಟುತ್ತಿದ್ದವು. ದೀಪಾವಳಿ ಮುಗಿಯಿತು, ಲಗ್ನಕ್ಕೆ ಹತ್ತೇ ದಿನ ಉಳಿಯಿತು. "ಮದುಮಗಳು ಹಿಂಗ ಸೊರಗಿದ್ರ ಹ್ಯಾಂಗೋ" ಎಂದು ಅವ್ವ ಕಣ್ಣಲ್ಲಿ ನೀರು ತಂದುಕೊಂಡಳು. ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿದ್ದ ನನ್ನ ಭಾವಮೈದುನ, ಅಲ್ಲಿಂದ ಏನೋ ತಂದುಕೊಡುತ್ತೇನೆ, ಒಂದೇ ಹನಿ ಸಾಕು ಎಂದ. ನಾನು ಅವನನ್ನು ಚೆನ್ನಾಗಿ ಬೈದೆ. ಬಾಯಿಗೆ ಹೋಗುವ ಎಲೆಗೆ ವಿಷ ಹೊಡೆಯುವುದೇ! ಏನಿದ್ದರೂ ನೈಸರ್ಗಿಕವಾದದ್ದೇ ಆಗಬೇಕು ಎಂದೆ. ಆ ಶಬ್ದ ನನಗೆ ಆಗಷ್ಟೇ ಸಿಕ್ಕಿತ್ತು, ಬಳಸುವ ಚಪಲ.

ಶಬ್ದ ಕೊಟ್ಟವರು ದೇಹೂ ರೋಡಿನ ನಮ್ಮ ಕಚೇರಿಯ ದೇಶಪಾಂಡೆ. ಮನೆಯ ತಾರಸಿಯ ಮೇಲೆ ಬದನೆ, ಟೊಮ್ಯಾಟೊ, ಗುಲಾಬಿ ಬೆಳೆದು ಅವುಗಳ ಯೋಗಕ್ಷೇಮವನ್ನು ಊಟದ ಹೊತ್ತಿನಲ್ಲಿ ನಮಗೆ ಹೇಳುವವರು. ನನ್ನ ಸಂಕಟ ಕೇಳಿ, ಮರುದಿನವೇ ಜೇನುತುಪ್ಪದ ಹಳೆಯ ಬಾಟಲಿಯಲ್ಲಿ ಕಂದು ಬಣ್ಣದ ದ್ರವ ತಂದುಕೊಟ್ಟರು. ತಮ್ಮ ಕೈಯಿಂದಲೇ ಮಾಡಿದ ಅರ್ಕವಂತೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಬೇವಿನ ಎಣ್ಣೆ, ಗೋಮೂತ್ರ, ಎಲ್ಲವನ್ನೂ ಮೂರು ವಾರ ಮುಚ್ಚಿಟ್ಟು ಕೊಳೆಸಿ ಸೋಸಿದ್ದು. "ಏಕ್ ಝಾಕಣ್, ಏಕ್ ಬಾದಲಿ ಪಾಣಿ" ಎಂದು ಬಾಟಲಿಯ ಮುಚ್ಚಳ ತೋರಿಸಿ ಮೂರು ಸಲ ಹೇಳಿದರು. ಒಂದು ಮುಚ್ಚಳ ಅರ್ಕಕ್ಕೆ ಒಂದು ಬಕೆಟ್ ನೀರು. ನಾನು ಮೂರು ಸಲವೂ ತಲೆಯಾಡಿಸಿದೆ. ಬೆಳ್ಳುಳ್ಳಿಯೆಂಬ ಶಬ್ದ ಕಿವಿಗೆ ಬಿದ್ದಾಗ ಒಮ್ಮೆ ಬಾಟಲಿ ಹಿಂದಿರುಗಿಸಲು ಕೈ ಚಾಚಿದ್ದು ನಿಜ. ಆದರೆ ತಿನ್ನುವುದಕ್ಕಲ್ಲವಲ್ಲ, ಔಷಧಕ್ಕೆ ದೋಷವಿಲ್ಲ ಎಂದು ಶಾಸ್ತ್ರವನ್ನು ನಾನೇ ಬರೆದುಕೊಂಡೆ. ಸಂಜೆಯ ಲೋಕಲ್ ರೈಲಿನಲ್ಲಿ ಬಾಟಲಿ ನನ್ನ ಚೀಲದಲ್ಲಿತ್ತು. ಪಿಂಪ್ರಿ ದಾಟುವಾಗ ಗದ್ದಲದಲ್ಲಿ ಯಾರದೋ ಮೊಣಕಾಲು ತಗುಲಿ ಮುಚ್ಚಳ ಸಡಿಲಾಯಿತು. "ಕೋಣಾಚಾ ಡಬಾ ಆಹೆ ಹಾ?" ಎಂದು ಒಬ್ಬರು ಮೂಗು ಮುಚ್ಚಿ ಕೇಳಿದರು. ಯಾರ ಡಬ್ಬಿಯಪ್ಪಾ ಇದು ಎಂದು ನಾನೂ ಸುತ್ತ ನೋಡಿದೆ. ಖಡಕಿ ಬರುವ ಹೊತ್ತಿಗೆ, ಹುಟ್ಟಿದಾಗಿನಿಂದ ಕಾಣದಷ್ಟು ಜಾಗ ನನ್ನ ಸುತ್ತ ಖಾಲಿಯಾಗಿತ್ತು.

ಭಾನುವಾರ ಮಧ್ಯಾಹ್ನ ಅವ್ವ ಭಜನಾ ಮಂಡಳಿಗೆ ಹೋದಳು. ಬರುವುದು ಎರಡು ತಾಸಿಗೆ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯನ್ನು ಕಪಾಟಿನಿಂದ ಕದ್ದು, ಅದರಲ್ಲಿ ಅರ್ಕ ಹಾಕತೊಡಗಿದೆ. ಇಂದಿರಾ ಸೆರಗು ಮೂಗಿಗೆ ಹಿಡಿದು ಬಂದಳು. "ಬಳ್ಳೊಳ್ಳಿ ಏನ್ರಿ ಅದು? ತುಳಸಿಗೆ? ಚಾತುರ್ಮಾಸದಾಗ? ಅತ್ತಿಯವರಿಗೆ ಹೇಳೀರಿಲ್ಲೋ?" ಎಂದಳು. "ಗಿಡ ಚಿಗುರಿದ ಮ್ಯಾಲೆ ಹೇಳತೇನಿ" ಎಂದೆ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ. ಮುಚ್ಚಳ ನೋಡಿದೆ, ಹುಳ ನೋಡಿದೆ. ಅಷ್ಟು ದಪ್ಪ ಹುಳಕ್ಕೆ ಇಷ್ಟು ತೆಳ್ಳನೆಯ ಔಷಧವೇ? ಬಕೆಟ್ ತರಲಿಲ್ಲ. ಅರ್ಧ ಅರ್ಕ, ಅರ್ಧ ನೀರು, ಇಷ್ಟೇ. ಗಿಡದ ಬಳಿ ಹೋದಾಗ ಎಲೆಗಳು ಆಗಲೇ ಒದ್ದೆಯಾಗಿದ್ದವು. ಅವ್ವ ಹೋಗುವ ಮುಂಚೆ ನೀರು ಚಿಮುಕಿಸಿರಬೇಕು ಎಂದುಕೊಂಡು, ಎಲೆಯ ಮೇಲೆ, ಎಲೆಯ ಕೆಳಗೆ, ಕಾಂಡಕ್ಕೆ, ಬುಡಕ್ಕೆ, ಬಾಟಲಿ ಬರಿದಾಗುವವರೆಗೆ ಹೊಡೆದೆ. ಹೊಡೆದು ಕೈ ತೊಳೆಯುವಾಗ ಒಂದು ಸಂಗತಿ ಹೊಳೆಯಿತು. ಹೊಡೆಯುವ ಮುಂಚೆ ಏಕೆ ಹೊಳೆಯಲಿಲ್ಲವೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅವ್ವ ಇದೇ ಗಿಡದ ದಳ ಕಿತ್ತು ತೀರ್ಥಕ್ಕೆ ಹಾಕುತ್ತಾಳೆ! ನಲವತ್ತು ವರ್ಷದ ವ್ರತ ಬೆಳ್ಳುಳ್ಳಿಯ ತೀರ್ಥದಲ್ಲಿ ಮುಳುಗುತ್ತದೆ.

ಮರುದಿನ ಅವ್ವ ಸ್ನಾನಕ್ಕೆ ಹೋದದ್ದೇ ತಡ, ನಾನು ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ. ಹೂವಿನವಳು ಇನ್ನೂ ಬುಟ್ಟಿಯ ಬಾಯಿ ಬಿಚ್ಚುತ್ತಿದ್ದಳು. ಒಂದು ಪೊಟ್ಟಣ ತುಳಸಿ ಹಿಡಿದು ಏದುಸಿರು ಬಿಡುತ್ತಾ ಬಂದಾಗ, ಅವ್ವ ತಂಬಿಗೆ ಹಿಡಿದು ಗ್ಯಾಲರಿಯ ಬಾಗಿಲಲ್ಲಿ ನಿಂತಿದ್ದಳು. "ಅವ್ವಾ, ಗಿಡ ಸೊರಗೇದ. ಅದರದು ಕೀಳಬ್ಯಾಡ. ಇದನ್ನ ಹಾಕು" ಎಂದೆ. ಪೇಟೆಯ ತುಳಸಿ ಯಾರು ಮುಟ್ಟಿದ್ದೋ ಏನೋ ಎಂದು ವಾದ ಮಾಡುವವಳು, ಅವತ್ತು ಒಂದೂ ಮಾತಾಡದೆ ಪೊಟ್ಟಣ ಇಸಿದುಕೊಂಡಳು. ಇಸಿದುಕೊಂಡು ನನ್ನ ಮುಖವನ್ನೇ ನೋಡಿದಳು. ನಾನು ಹಲ್ಲುಜ್ಜುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂದಿನಿಂದ ದಿನಾ ಬೆಳಿಗ್ಗೆ ಇದೇ ಓಟ. ಎದುರು ಸಿಕ್ಕವರು ನಾನು ಆರೋಗ್ಯಕ್ಕಾಗಿ ಓಡುತ್ತಿದ್ದೇನೆ ಎಂದುಕೊಂಡರು.

ಮಂಗಳವಾರ ಎಲೆಯ ಅಂಚು ಕಪ್ಪಾಯಿತು. ಬುಧವಾರ ಗಾಳಿಗೆ ಉದುರತೊಡಗಿತು. ನಾನು ಕಚೇರಿಗೆ ಹೋಗುವ ಮುಂಚೆ ಉದುರಿದ್ದನ್ನು ಆರಿಸಿ ಜೇಬಿಗೆ ತುಂಬಿಕೊಂಡು ಲೋಕಲ್ಲಿನ ಕಿಟಕಿಯಿಂದ ಬಿಡುತ್ತಿದ್ದೆ. ಇದರ ನಡುವೆ ಇಂದಿರಾ ಅದೇ ಇಸ್ತ್ರಿ ಬಾಟಲಿಯನ್ನು ಎರಡು ಸಲ ತೊಳೆದು ನನ್ನ ಅಂಗಿಗೆ ನೀರು ಚಿಮುಕಿಸಿದ್ದಳು. ಎರಡು ಸಲ ಸಾಲದಾಗಿತ್ತು. ಅವತ್ತು ಇಡೀ ದಿನ ಬೆನ್ನು ಉರಿಯುತ್ತಿತ್ತು, ಸಾಹೇಬರ ಮುಂದೆ ಕೆರೆದುಕೊಳ್ಳುವಂತೆಯೂ ಇರಲಿಲ್ಲ. "ಕೀಡೆ ಗೇಲೆ ಕಾ?" ಎಂದು ದೇಶಪಾಂಡೆ ಆಸೆಯಿಂದ ಕೇಳಿದರು. ಹುಳ ಹೋದವು ಎಂದೆ. ಸುಳ್ಳಲ್ಲ. ಒಂದೂ ಉಳಿದಿರಲಿಲ್ಲ. ಉಳಿಯುವುದಕ್ಕೆ ಅಲ್ಲಿ ಎಲೆಯೂ ಇರಲಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ್ದು ಅವ್ವನ ಮೌನ. ಗುರುವಾರದಿಂದ ಅವಳು ಊಟ ಬಿಟ್ಟಳು. ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು. ಯಾಕೆಂದು ಕೇಳಿದರೆ "ಹಸಿವಿಲ್ಲ" ಎನ್ನುವಳು. ಗಿಡದ ಮುಂದೆ ಕೂತು ಜಪ ಮಾಡುವಳು, ನಾನು ಹತ್ತಿರ ಬಂದರೆ ಮುಖ ತಿರುಗಿಸುವಳು. ಕಾಂದಾ ಭಜಿಯನ್ನು ಬಾಗಿಲಲ್ಲೇ ಹಿಡಿಯುವ ಮೂಗಿಗೆ ಈ ವಾಸನೆ ತಿಳಿಯದೇ? ಗೊತ್ತಾಗಿದೆ, ನಾನಾಗಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. "ಎಪ್ಪತ್ತರ ಮುದುಕಿ ಉಪವಾಸ ಕೂತಾರ. ಇವತ್ತ ಹೇಳ್ರಿ, ಇಲ್ಲಾಂದ್ರ ನಾನ ಹೇಳತೇನಿ" ಎಂದು ಶನಿವಾರ ಇಂದಿರಾ ಕೊನೆಯ ಎಚ್ಚರಿಕೆ ಕೊಟ್ಟಳು. ಲಗ್ನಕ್ಕೆ ಎರಡು ದಿನವಿತ್ತು. ಕನ್ನಡಿಯ ಮುಂದೆ ನಿಂತು ನಾಲ್ಕು ಸಲ ತಾಲೀಮು ಮಾಡಿದೆ. ಅವ್ವಾ, ನಾನೊಂದು ತಪ್ಪು ಮಾಡೀನಿ. ಅವ್ವಾ, ನಾನೊಂದು ತಪ್ಪು ಮಾಡೀನಿ. ಗ್ಯಾಲರಿಗೆ ಹೋಗಿ "ಅವ್ವಾ" ಎಂದೆ. ಅಷ್ಟರಲ್ಲಿ ಅವಳೇ, "ಬಾ, ಇಲ್ಲೆ ಕೂಡು ತಮ್ಮಾ. ನಾನೊಂದು ತಪ್ಪು ಮಾಡೀನಿ" ಎಂದಳು.

ನಾನು ಕೂತೆ.

"ಕೆಳಗಿನ ಮನಿ ಕಾಕೂ ಹಲ್ಲಿಗೆ ತಂಬಾಕಿನ ಮಿಶ್ರಿ ಹಚ್ಚತಾಳಲ್ಲ, ಆಕಿ ಹೇಳಿದ್ಳು, ತಂಬಾಕು ನೆನೆಹಾಕಿದ ನೀರು ಹೊಡದ್ರ ಹುಳ ಹೋಗ್ತಾವ ಅಂತ. ಒಂದು ತಂಬಿಗಿ ಕೊಟ್ಳು. ನನಗ ಮನಸ್ಸಿರಲಿಲ್ಲ. ಲಗ್ನ ಹತ್ರ ಬಂತಲ್ಲ ಅಂತ, ಆ ಐತವಾರ ಭಜನಿಗೆ ಹೋಗೋಕಿಂತ ಮದಲ ಸೆರಗಿನಾಗ ಮುಚ್ಚಿ ತಂದು ಹೊಡದೆ. ದೇವರಂಥ ಗಿಡಕ್ಕ ತಂಬಾಕು ಹಾಕಿದೆ ನಾನು!" ಅವ್ವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. "ಬಕೆಟ್ ನೀರಾಗ ಕೂಡಿಸಿ ಹೊಡೀರಿ ಅಂದಿದ್ಳು ಕಾಕೂ. ಹುಳ ಭಾಳ ಅವ ಅಂತ ನಾ ಹಂಗ ಹೊಡದೆ. ಏನು ನಾತವೋ ಅದು, ಈಗೂ ಗಿಡದ ಹತ್ರ ಕೂತ್ರ ಬರತದ. ತಂಬಾಕಿನ ನಾತ ಇಷ್ಟು ಕೆಟ್ಟದ್ದು ಅಂತ ನನಗ ಗೊತ್ತಿರಲಿಲ್ಲೋ. ನೀ ನೋಡಿದ್ರ ಪಾಪ, ಗಿಡಕ್ಕ ತ್ರಾಸ ಬ್ಯಾಡ ಅಂತ ದಿನಾ ಓಡಿ ಹೋಗಿ ತುಳಸಿ ತರತಿ. ನಿನ್ನ ಮಾರಿ ನೋಡಲಿಕ್ಕೆ ನನಗ ನಾಚಿಕಿ."

ಹೇಳಿಬಿಡುವ ಹೊತ್ತು ಅದೇ ಆಗಿತ್ತು. ಅವ್ವ ತಂದದ್ದು ತಂಬಾಕಿನ ನೀರು, ಅವಳ ಮೂಗಿಗೆ ಬಡಿಯುತ್ತಿದ್ದದ್ದು ನನ್ನ ಅರ್ಕ. ಎರಡು ಮಾತು ಸಾಕಿತ್ತು. ಬಾಯಿ ತೆರೆದೆ ಕೂಡ. ಅಡುಗೆಮನೆಯ ಬಾಗಿಲಲ್ಲಿ ಇಂದಿರಾ ಸೌಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಇದು: "ಆತು ಬಿಡವ್ವಾ. ನೀ ಏನು ಬೇಕಂತ ಮಾಡಿಯೇನು? ತಪ್ಪು ಯಾರಿಂದ ಆಗೂದಿಲ್ಲ?" ಸ್ವರದಲ್ಲಿ ಎಷ್ಟು ಔದಾರ್ಯವಿತ್ತೆಂದರೆ ನನಗೇ ನನ್ನ ಮೇಲೆ ಅಭಿಮಾನ ಬಂತು. ಅವ್ವ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಅತ್ತು ಹಗುರಾಗಿ, ಅವತ್ತು ಎರಡು ಚಪಾತಿ ತಿಂದಳು. ಇಂದಿರಾ ಸೌಟನ್ನು ಪಾತ್ರೆಗೆ ಹಾಕಿದ ಸಪ್ಪಳ ಕೆಳಗಿನ ಕಾಕೂಗೂ ಕೇಳಿಸಿರಬೇಕು. "ಹೇಳತೇನಿ, ಲಗ್ನ ಆಗಲಿ" ಎಂದು ನಾನು ಪಿಸುಗುಟ್ಟಿದೆ.

ದ್ವಾದಶಿಯ ಸಂಜೆ ಬರಿಯ ಕಡ್ಡಿಗಳಿಗೆ ಅವ್ವ ಅರಿಶಿನ ಕುಂಕುಮ ಹಚ್ಚಿ, ಹಸಿರು ಕುಪ್ಪಸದ ಕಣ ಸುತ್ತಿ, ಪಕ್ಕದಲ್ಲಿ ಕಾಯಿ ತುಂಬಿದ ನೆಲ್ಲಿಯ ಟೊಂಗೆ ನಿಲ್ಲಿಸಿದಳು. ಆ ವರ್ಷ ನಮ್ಮ ಮನೆಯಲ್ಲಿ ಮದುಮಗನೇ ಚೆಲುವ. ಗಿಡ ಬದುಕಲಿಲ್ಲ. ಆದರೆ ಹೋಳಿಯ ಹೊತ್ತಿಗೆ, ಉದುರಿದ ಬೀಜದಿಂದ ಅದೇ ಕುಂಡದಲ್ಲಿ ಹನ್ನೊಂದು ಸಸಿ ಎದ್ದವು. "ನಿನ್ನ ಒಳ್ಳೇ ಮನಸ್ಸಿನಿಂದ ಆತು" ಎಂದು ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟಳು. ಹಾಗೆ ಕೈಯಿಟ್ಟವಳಿಗೆ ಏನೆಂದು ಹೇಳುವುದು? ಮುಂದೆ ಹೇಳಿದರಾಯಿತು ಎಂದುಕೊಂಡೆ.

ಅದಾಗಿ ಏಳೆಂಟು ವರ್ಷವಾಯಿತು. ಸಸಿಗಳು ಭಜನಾ ಮಂಡಳಿಯ ಹತ್ತು ಮನೆಗಳಲ್ಲಿ ಬೆಳೆದಿವೆ, ಅವುಗಳ ಜೊತೆ ಕಥೆಯೂ ಹೋಗಿದೆ. ನಮ್ಮಲ್ಲಿ ಬೇಳೆಗೆ ಉಪ್ಪು ಜಾಸ್ತಿಯಾಯಿತೆಂದು ನಾನು ಬಾಯಿ ತೆರೆದರೆ ಸಾಕು, ಇಂದಿರಾ ಮೆಲ್ಲಗೆ "ಇಸ್ತ್ರಿ ಬಾಟಲಿ ಎಲ್ಲದರಿ?" ಎನ್ನುತ್ತಾಳೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ. ಈ ಕಾರ್ತಿಕದಲ್ಲೂ ಲಗ್ನಕ್ಕೆ ಕಟ್ಟಡದ ಹೆಂಗಸರೆಲ್ಲ ಗ್ಯಾಲರಿಯಲ್ಲಿ ನೆರೆದಿದ್ದರು. ಮೇಲಿನ ಮನೆಗೆ ಹೊಸದಾಗಿ ಬಂದ ಸೊಸೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವ್ವ ಮೊದಲಿನಿಂದ ಕಥೆ ಹೇಳಿದಳು. ತಂಬಾಕು, ಸೆರಗಿನ ಮರೆಯ ತಂಬಿಗೆ, ಆ ಕೆಟ್ಟ ನಾತ, ಒಂದನ್ನೂ ಬಿಡಲಿಲ್ಲ. ನಾನು ಪ್ರಸಾದದ ತಾಟು ಹಿಡಿದು ನಿಂತಿದ್ದೆ. "ನನ್ನ ಕೈಯಿಂದ ಇಷ್ಟು ದೊಡ್ಡ ತಪ್ಪಾದ್ರೂ ನನ್ನ ಮಗ ಒಂದ ಮಾತು ಆಡಲಿಲ್ಲ ನೋಡವಾ" ಎಂದು ಹೇಳಿ, ತಾಟಿನಿಂದ ದೊಡ್ಡ ಉಂಡಿಯನ್ನೇ ಆರಿಸಿ ಎಲ್ಲರೆದುರಿಗೆ ನನ್ನ ಬಾಯಿಗಿಟ್ಟಳು. ಆ ಹುಡುಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಇಂದಿರಾ ನನ್ನನ್ನೇ ನೋಡುತ್ತಿದ್ದಳು. ಅವ್ವ ಹೇಳಿದ್ದರಲ್ಲಿ ಸುಳ್ಳಿಲ್ಲ. ಒಂದು ಮಾತೂ ಆಡದೆ ನಾನು ಉಂಡಿ ಅಗಿದೆ.