ಗುಂಡನ ಶಾಂತವರ್ತನೆ ಪ್ರಮಾಣಪತ್ರ

೨೦೦೩ನೇ ಇಸವಿ ಜೂನ್ ಒಂದರಿಂದ ಜಾರಿಗೆ ಬರುವಂತೆ, ಚೆನ್ನೈನ ಪುರಸೈವಾಕ್ಕಂನ ಶ್ರೀಸೌಖ್ಯ ಅಪಾರ್ಟ್‌ಮೆಂಟಿನಲ್ಲಿ ಪೂರ್ವಾನುಮತಿಯಿಲ್ಲದೆ ಯಾವ ನಾಯಿಯೂ ಸಂತೋಷಪಡತಕ್ಕದ್ದಲ್ಲ ಎಂದು ನಿವಾಸಿಗಳ ಸಂಘವು ನಿರ್ಣಯಿಸಿತು. ಕಟ್ಟಡದಲ್ಲಿದ್ದದ್ದು ಒಂದೇ ನಾಯಿ. ಆದರೂ ನಿರ್ಣಯದಲ್ಲಿ ‘ಯಾವ ನಾಯಿಯೂ’ ಎಂದೇ ಬರೆಯಲಾಯಿತು. ಕಾನೂನಿನ ಮುಂದೆ ಎಲ್ಲ ನಾಯಿಗಳೂ ಸಮಾನ.

ಆಗ ಲಿಫ್ಟ್ ಕೆಟ್ಟು ಏಳು ತಿಂಗಳಾಗಿತ್ತು. ಬೋರ್‌ವೆಲ್ ಬತ್ತಿತ್ತು. ನೀರಿನ ಲಾರಿ ವಾರಕ್ಕೆರಡು ಸಲ, ಮನಸ್ಸಾದರೆ, ಬರುತ್ತಿತ್ತು. ಸಂಘವು ಈ ಮೂರೂ ವಿಷಯಗಳನ್ನು ಮುಂದಿನ ಸಭೆಗೆ ಕಾಯ್ದಿರಿಸಿ ನಾಯಿಯನ್ನು ಕೈಗೆತ್ತಿಕೊಂಡಿತು. ಕಾರಣ ಇಷ್ಟೆ: ಲಾರಿಯಿಂದ ಸೋರಿದ ನೀರಿನ ಕೆಸರಲ್ಲಿ ಕಾಲಾಡಿಸಿಕೊಂಡು ಬಂದ ಗುಂಡ, ಮೆಟ್ಟಿಲಲ್ಲಿ ಎದುರಾದ ಅಧ್ಯಕ್ಷ ಸೀತಾರಾಮರ ಗರಿಗರಿ ಬಿಳಿ ಪಂಚೆಯ ಮೇಲೆ ಎರಡೂ ಮುಂಗಾಲಿಟ್ಟು ನಿಂತು, ಅವರ ಮುಖವನ್ನು ಗಲ್ಲದಿಂದ ಹಣೆಯವರೆಗೆ ನೆಕ್ಕಿದ್ದ. ಸರಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಕಡತಗಳ ಮೇಲೆ ಕೂತು ನಿವೃತ್ತರಾದ ಸೀತಾರಾಮರನ್ನು ಕಂಡು ಒಂದು ಜೀವ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಅವರಿಗೆ ಅನುಮಾನ ಬಂತು.

ಗುಂಡ ಮೂರನೇ ಮಹಡಿಯ ಚಿಕ್ಕತಾಯಮ್ಮನ ಮನೆಯವನು. ಕಂದು ಬಣ್ಣ, ಬೀದಿಯ ತಳಿ. ಮಗ ಮೋಹನನ ಕೆಲಸದ ಬೆನ್ನುಹತ್ತಿ ಚಿಕ್ಕತಾಯಮ್ಮ ಮಂಡ್ಯ ಕಡೆಯಿಂದ ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಮಗ ಸೊಸೆ ಬೆಳಿಗ್ಗೆ ಎಂಟಕ್ಕೆ ಹೊರಟುಬಿಟ್ಟರೆ, ಅವಳ ಮಾತನ್ನು ಕೊನೆತನಕ ಕೇಳಿಸಿಕೊಳ್ಳುವ ಜೀವ ಇಲ್ಲಿ ಗುಂಡ ಒಬ್ಬನೇ. ಊರಿನ ಬದುವಿನ ಜಗಳವೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ನೋಟೀಸನ್ನು ಅವಳ ಬಾಗಿಲಿಗೇ ಅಂಟಿಸಿದರು. ಮೋಹನ ಓದಿ ಹೇಳಿದ:

"ಮುಂಗಾಲುಗಳು ನೆಲ ಬಿಡತಕ್ಕದ್ದಲ್ಲ. ಬಾಲದ ಅಲುಗಾಟ ನಿಮಿಷಕ್ಕೆ ಇಪ್ಪತ್ತನ್ನು ಮೀರತಕ್ಕದ್ದಲ್ಲ. ನೆಕ್ಕುವ ಉದ್ದೇಶವಿದ್ದಲ್ಲಿ ಮೂರು ದಿನ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಹದಿಮೂರು ಭಾನುವಾರಗಳೊಳಗೆ ಶಾಂತವರ್ತನೆಯ ಪ್ರಮಾಣಪತ್ರ ಪಡೆಯದ ನಾಯಿಯನ್ನು ಆವರಣದಿಂದ ತೆರವುಗೊಳಿಸಲಾಗುವುದು."

"ಅರ್ಜಿ ಯಾರು ಬರೀಬೇಕಂತೆ? ನಾಯೇನಾ?"

"ಅವ್ವ, ಸುಮ್ನಿರು. ಬಾಡಿಗೆ ಮನೆ."

"ಬಾಡಿಗೆ ಕೊಡೋದು ಮನೆಗೆ ಕಣಪ್ಪ, ಬಾಯಿಗಲ್ಲ."

ಮೊದಲ ಭಾನುವಾರ ಸಂಜೆ ಐದಕ್ಕೆ ಪರಿಶೀಲನಾ ಸಮಿತಿ ಬಂತು. ಅಧ್ಯಕ್ಷ ಸೀತಾರಾಮ, ಖಜಾಂಚಿ ಕಾಂತಪ್ಪ, ಮತ್ತು ಪ್ಯಾರೀಸ್ ಕಾರ್ನರಿನಲ್ಲಿ ಸಸ್ಯಾಹಾರಿ ಹೋಟೆಲಿಟ್ಟು, ಅಲ್ಲಿನ ಎಣ್ಣೆಯ ವಯಸ್ಸು ಗೊತ್ತಿದ್ದರಿಂದ ಅಲ್ಲಿ ಏನೂ ತಿನ್ನದ ಕಾರ್ಯದರ್ಶಿ ಹರಿದಾಸ. ಬೆಲ್ ಆದ ಕೂಡಲೇ ಗುಂಡ ಸೋಫಾ ಹಾರಿ, ಟೀಪಾಯಿ ಉರುಳಿಸಿ, ಮೂವರ ಮೇಲೂ ಒಬ್ಬರಾದ ಮೇಲೊಬ್ಬರಂತೆ ಎಗರಿದ. ಕಾಂತಪ್ಪ ಟೇಪು ಹಿಡಿದು ಅಳೆದರು. ಎರಡು ಅಡಿ ಒಂಬತ್ತು ಅಂಗುಲ.

ಮನೆಗೆ ಬಂದವರು ಯಮನ ಕಡೆಯವರಾದರೂ ಕಾಫಿ ತಿಂಡಿ ಕೊಡದೆ ಕಳಿಸುವುದು ಚಿಕ್ಕತಾಯಮ್ಮನಿಗೆ ಗೊತ್ತಿರಲಿಲ್ಲ. ಅವಳು ಮಾಡಿದ ತಪ್ಪು ಅದೊಂದೇ. ಕೋಡುಬಳೆ ಇಟ್ಟಳು. ಸಮಿತಿಯು ಹದಿನೆಂಟು ಕೋಡುಬಳೆಗಳನ್ನು ಪರಿಶೀಲಿಸಿ, ‘ಮರುಪರಿಶೀಲನೆ ಅತ್ಯಗತ್ಯ’ ಎಂದು ಷರಾ ಬರೆದು ಹೋಯಿತು.

ಸೊಸೆ ಬೃಂದಾ ಟಿ. ನಗರದ ಫುಟ್‌ಪಾತಿನಿಂದ ನಾಯಿ ಪಳಗಿಸುವ ಇಂಗ್ಲಿಷ್ ಪುಸ್ತಕವೊಂದನ್ನು ತಂದಳು.

"ಅತ್ತೆ, ಅದು ಎಗರಿದಾಗ ಬೈಯಬಾರದಂತೆ. ಬೈದರೂ ಅದಕ್ಕೆ ಮಾತಾಡಿಸಿದ ಹಾಗೇ ಅಂತೆ. ಬೆನ್ನು ತಿರುಗಿಸಿ ಸುಮ್ಮನೆ ನಿಲ್ಲಬೇಕು. ನಾಲ್ಕೂ ಕಾಲು ನೆಲಕ್ಕಿಟ್ಟು, ಕೂತು, ಬಾಯಿ ಮುಚ್ಚಿದ ತಕ್ಷಣ ತಿಂಡಿ ಕೊಡಬೇಕು. ಅದಕ್ಕೂ ಮುಂಚೆ ಒಂದು ಚೂರೂ ಇಲ್ಲ."

"ಇಷ್ಟಕ್ಕೆ ಒಂದು ಪುಸ್ತಕ ಬೇಕಾಗಿತ್ತಾ? ನಿನ್ ಗಂಡನ್ನ ನಾನು ಹಿಂಗೇ ಸಾಕಿದ್ದು."

ಬೃಂದಾ ಹೊರಗೆ ನಿಂತು ದಿನಕ್ಕೆ ನಲವತ್ತು ಸಲ ಬೆಲ್ ಒತ್ತಿದಳು. ಚಿಕ್ಕತಾಯಮ್ಮ ಬೆನ್ನು ತಿರುಗಿಸಿ, ಸೆರಗಲ್ಲಿ ಕೋಡುಬಳೆ ಚೂರು ಹಿಡಿದು ನಿಂತಳು. ಗುಂಡ ಎಗರಿದ, ಕೂಗಿದ, ಸೀರೆ ಎಳೆದ, ಕೊನೆಗೆ ಯೋಚಿಸಿದ. ಮೂರು ವಾರಕ್ಕೆ, ಬೆಲ್ಲಾದರೆ ಹೋಗಿ ಚಾಪೆಯ ಮೇಲೆ ಕೂರುವುದನ್ನು ಕಲಿತ. ಬಾಲ ಮಾತ್ರ ನೆಲ ಗುಡಿಸುತ್ತಿತ್ತು.

ನಾಲ್ಕನೇ ಭಾನುವಾರ ಸಮಿತಿ ಒಳಗೆ ಬಂದು ದಿಗ್ಭ್ರಮೆಗೊಂಡಿತು.

"ಕೂತಿದೆಯಲ್ಲ ಮಾರಾಯ್ರೆ!" ಹರಿದಾಸರ ದನಿ ಬಿದ್ದುಹೋಯಿತು.

ಮೂರು ತಲೆಮಾರಿನಿಂದ ಇಲ್ಲೇ ಇದ್ದು, ಕನ್ನಡಕ್ಕೆ ತಮಿಳು ಬೆರೆತ ಮನೆತನದ ಸೀತಾರಾಮರು ಕನ್ನಡಕ ಸರಿಮಾಡಿಕೊಂಡರು. "ಅದೇ ಪ್ರಾಬ್ಲಮ್. ಇದು ಶಾಂತವಾಗಿ ಕೂತಿದೆಯಾ, ಬೇಜಾರಲ್ಲಿ ಕೂತಿದೆಯಾ? ಬೇಜಾರಿಗೆ ಸರ್ಟಿಫಿಕೇಟ್ ಕೊಡೋ ಪವರ್ ನಮಗಿಲ್ಲೆ, ಅಮ್ಮಾ. ಮುಂದಿನ ವಾರ ಪಾರ್ಕಲಾಂ."

ಮುಂದಿನ ವಾರ ನೋಡಿದರು. ಅದರ ಮುಂದಿನ ವಾರವೂ ನೋಡಿದರು. ಏಳನೇ ವಾರ ನಾಯಿಯ ಶಾಂತಿಗೆ ಸಾಕ್ಷಿ ಸಾಲದೆಂದರು. ಒಂಬತ್ತನೇ ವಾರ, ಪ್ರಚೋದನೆಯಿಲ್ಲದ ಶಾಂತಿ ಶಾಂತಿಯೇ ಅಲ್ಲವೆಂದು ತೀರ್ಮಾನಿಸಿ, ಹರಿದಾಸರು ನಾಯಿಯೆದುರು ಮಂಡಿಯೂರಿ ವಿಧ್ಯುಕ್ತವಾಗಿ ಮೂರು ಸಲ ಬೊಗಳಿದರು. ಗುಂಡ ಆಕಳಿಸಿದ. ಆಕಳಿಕೆಯು ಸಮಿತಿಗೆ ತೋರಿದ ಅಗೌರವವೆಂದು ದಾಖಲಾಯಿತು. ಹತ್ತನೇ ವಾರ ಕಾಂತಪ್ಪ, "ಮುಂದಿನ ಸಲ ಕೋಡುಬಳೆಗೆ ಓಮ ಸ್ವಲ್ಪ ಜಾಸ್ತಿ ಇರಲಿ ತಾಯಿ," ಎಂದರು. ಅದೂ ಷರಾದಲ್ಲಿ ಸೇರಿತು.

ಹನ್ನೆರಡು ಭಾನುವಾರ ಮುಗಿದವು. ಮಾರನೆಯ ವಾರ ನಾಯಿ ಹಿಡಿಯುವ ವ್ಯಾನಿಗೆ ಹೇಳಲಾಗಿದೆ ಎಂಬ ಚೀಟಿ ಬಾಗಿಲಡಿಯಿಂದ ತೂರಿ ಬಂತು. ಅದನ್ನು ಮೊದಲು ಮೂಸಿದವನು ಗುಂಡ. ಆ ವಾರವೆಲ್ಲ ಚಿಕ್ಕತಾಯಮ್ಮ ಅವನಿಗೆ ಊರ ಯಾವ ಸುದ್ದಿಯನ್ನೂ ಹೇಳಲಿಲ್ಲ. ಅವನು ಅವಳ ಕಾಲ ಮೇಲೆ ಗಲ್ಲವಿಟ್ಟು ಕಾದ.

ಹದಿಮೂರನೇ ಭಾನುವಾರ ಅವಳು ನಾಲ್ಕೂವರೆಗೇ ಎಣ್ಣೆ ಕಾಯಿಸಿದಳು. ಐದಕ್ಕೆ ಹತ್ತು ನಿಮಿಷವಿರುವಾಗಲೇ ಬೆಲ್ಲಾಯಿತು. ಗುಂಡ ಚಾಪೆಗೆ ಹೋಗಿ ಕೂತ. ಬಾಗಿಲು ತೆರೆದದ್ದೇ ತಡ, ಮೂವರೂ ಒಟ್ಟಿಗೆ ಒಳನುಗ್ಗಿ, ಹೊಸ್ತಿಲಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು, ಅವಳ ಕೈಯ ತಟ್ಟೆಯ ಕಡೆಗೆ ಎಗರಿದರು. ಕಾಂತಪ್ಪನವರ ಮೂಗು ಅಲುಗಾಡುತ್ತಿತ್ತು. ಹರಿದಾಸರ ಮುಂಗೈ ಅವಳ ಸೀರೆಗೆ ತಗುಲಿತು.

ಚಿಕ್ಕತಾಯಮ್ಮ ನಾಯಿಯನ್ನು ನೋಡಿದಳು. ಸಮಿತಿಯನ್ನು ನೋಡಿದಳು. ಬೆನ್ನು ತಿರುಗಿಸಿ ನಿಂತಳು.

"ಅಮ್ಮಾ?" ಎಂದರು ಸೀತಾರಾಮರು. ತಟ್ಟೆ ಒಂದು ಗೇಣು ಮೇಲೆ ಹೋಯಿತು.

"ಎಂತ ಇದು? ನಾವು ಸಂಘದವರು!" ಹರಿದಾಸರು ದನಿಯೇರಿಸಿದರು. ತಟ್ಟೆ ಇನ್ನೂ ಒಂದು ಗೇಣು ಮೇಲೆ ಹೋಯಿತು.

"ಅವ್ವ..." ಮೋಹನ ಗೋಡೆಗೆ ಒರಗಿಕೊಂಡ.

"ಮಾತಾಡಿಸ್ಬೇಡ ಕಣೊ. ಮಾತಾಡಿಸಿದ್ರೆ ಜಾಸ್ತಿ ಆಡ್ತವೆ."

ಆರು ನಿಮಿಷ ಕಳೆಯಿತು. ತಟ್ಟೆಯಿಂದ ಇಂಗಿನ ವಾಸನೆ ಇಳಿದು ಬರುತ್ತಿತ್ತು. ಮೊದಲು ಕಾಂತಪ್ಪ ಚಾಪೆಯ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಕೂತು, ಬಾಯಿ ಮುಚ್ಚಿದರು. ಆ ಕ್ಷಣವೇ ಒಂದು ಕೋಡುಬಳೆ ಅವರ ಅಂಗೈಗೆ ಬಿತ್ತು. ಅದರ ಕರುಂ ಸದ್ದಿಗೆ ಹರಿದಾಸರೂ ಕೂತರು. ಅಧ್ಯಕ್ಷರಾದ ಸೀತಾರಾಮರು ಕೊನೆಗೆ ಕೂತರು. ಕೂತವರು ತಟ್ಟೆಯ ಕಡೆ ಕೈ ಚಾಚಿದರು. ತಟ್ಟೆ ಮೇಲೆ ಹೋಯಿತು. ಕೈ ಇಳಿಸಿದರು. ತಟ್ಟೆ ಇಳಿಯಿತು.

"ಕಾಗದ," ಎಂದಳು ಚಿಕ್ಕತಾಯಮ್ಮ.

ಸೀತಾರಾಮರು ಜೇಬಿಂದ ಪ್ರಮಾಣಪತ್ರ ತೆಗೆದು ಸಹಿ ಮಾಡಿದರು. ಮೂವತ್ತೈದು ವರ್ಷದ ನೌಕರಿಯೂ ಸೇರಿದಂತೆ, ಕೇಳಿದ ದಿನವೇ ಅವರು ಸಹಿ ಮಾಡಿದ ಮೊದಲ ಕಾಗದವದು. ಅವರಿಗೆ ಎರಡು ಕೋಡುಬಳೆ ಸಿಕ್ಕಿತು. "ಜಾಣ," ಎಂದು ಅವಳ ಬಾಯಲ್ಲಿ ಅಭ್ಯಾಸಬಲದಿಂದ ಬಂದುಬಿಟ್ಟಿತು. ಅಧ್ಯಕ್ಷರು ಆಕ್ಷೇಪಿಸಲಿಲ್ಲ. ಅವರ ಮುಖ ಸ್ವಲ್ಪ ಅರಳಿದಂತೆಯೂ ಇತ್ತು.

ಪ್ರಮಾಣಪತ್ರದ ಅವಧಿ ಏಳು ದಿನ ಮಾತ್ರ ಎಂದು ಸಮಿತಿ ಅಲ್ಲೇ ತಿದ್ದುಪಡಿ ತಂದಿತು. ಆದ್ದರಿಂದ ನವೀಕರಣಕ್ಕಾಗಿ ಈಗಲೂ ಪ್ರತಿ ಭಾನುವಾರ ಬರುತ್ತದೆ. ಎರಡನೇ ಮಹಡಿಯ ಪ್ರೇಮಮ್ಮನವರು ಈ ವಿಧಾನ ಕೇಳಿ ತಿಳಿದುಕೊಂಡು ರವೆ ಉಂಡೆ ಕಟ್ಟಿದ ಮಾರನೆಯ ವಾರವೇ ಲಿಫ್ಟ್ ಓಡತೊಡಗಿತು. ನೀರಿನ ಲಾರಿಗೆ ಚಕ್ಕುಲಿ ಸಾಕಾಯಿತು. ಹೀಗೆ ಸಂಘದ ಕಾರ್ಯವೈಖರಿ ಸುಧಾರಿಸಿರುವುದಾಗಿ ವಾರ್ಷಿಕ ವರದಿಯಲ್ಲಿ ನಮೂದಿಸಲಾಗಿದೆ.

ಭಾನುವಾರ ಐದಕ್ಕೆ ಮೂವರೂ ಬಂದು, ಯಾರೂ ಹೇಳದೆಯೇ, ಚಾಪೆಯ ಮೇಲೆ ಗುಂಡನ ಪಕ್ಕ ಸಾಲಾಗಿ ಕೂರುತ್ತಾರೆ. ಹಂಚುವಾಗ ಸೇವಾ ಹಿರಿತನವನ್ನು ಪಾಲಿಸಲಾಗುತ್ತದೆ. ಮೊದಲು ಕಲಿತವನು ಗುಂಡನಾದ್ದರಿಂದ ಮೊದಲ ಕೋಡುಬಳೆ ಅವನಿಗೆ. ಈ ಬಗ್ಗೆ ಇದುವರೆಗೆ ಯಾರಿಂದಲೂ ಆಕ್ಷೇಪಣೆ ಬಂದಿರುವುದಿಲ್ಲ.