ಗೋರಿಗಳ ನಡುವೆ ಮಾತುಕತೆ ಕಡ್ಡಾಯ

ವೈರಿಗಳಿಬ್ಬರನ್ನು ಪಕ್ಕಪಕ್ಕದಲ್ಲಿ ಹೂಳತಕ್ಕದ್ದಲ್ಲ ಎಂಬುದು ನಮ್ಮ ಯೆಹೂದ್ಯ ಧರ್ಮಶಾಸ್ತ್ರದ ಸ್ಪಷ್ಟ ವಿಧಿ. ಸತ್ತ ಕ್ರಮದಲ್ಲಿಯೇ ಸಾಲಾಗಿ ಹೂಳತಕ್ಕದ್ದು ಎಂಬುದು ತಿಬೇರಿಯಸ್ ಊರಿನ ನಮ್ಮ ಶವಸಂಸ್ಕಾರ ಸಂಘದ ಅಷ್ಟೇ ಸ್ಪಷ್ಟ ವಿಧಿ. ಎರಡನ್ನೂ ಪಾಲಿಸಲು ತೊಂದರೆಯೇನೂ ಇರಲಿಲ್ಲ, ಮೆನಾಶೆ ಓಹಾನಾ ತೀರಿಕೊಂಡ ಮರುದಿನವೇ ಶಾಲ್ತಿಯೇಲ್ ಬಿಟ್ಟನ್ ತೀರಿಕೊಳ್ಳುವವರೆಗೆ.

ಪ್ರಾರ್ಥನಾ ಮಂದಿರದ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ವಿಷಯದಲ್ಲಿ ಇವರಿಬ್ಬರೂ ಹರೆಯದಲ್ಲೇ ಮಾತು ಬಿಟ್ಟವರು.

ಸೂತಕ ಕಳೆದೊಡನೆ ಮೆನಾಶೆಯ ಹೆಂಡತಿ ಅಲ್ಲೆಗ್ರಾ ಸಂಘದ ಕಚೇರಿಗೆ ಬಂದಳು.

"ಆ ಮನುಷ್ಯನ ಪಕ್ಕ ನಮ್ಮವ್ರಿಗೆ ನಿದ್ದೆ ಹತ್ತುತ್ತಾ ರಬ್ಬಿಗಳೇ? ಅವನನ್ನ ಎತ್ತಿ ಆಚೆ ಹಾಕಿ."

ಶಾಲ್ತಿಯೇಲನ ಹೆಂಡತಿ ಸುಲ್ತಾನಾ ಬೆನ್ನಿಗೇ ಬಂದಿದ್ದಳು. "ನಮ್ಮವ್ರು ಬದುಕಿದ್ದಾಗ್ಲೇ ಜರುಗಿದವರಲ್ಲ. ಬೇಕಿದ್ರೆ ನಿನ್ ಗಂಡನ್ನ ಎತ್ತಿಸ್ಕೊಳ್ಳೇ!"

ಸಂಘಕ್ಕೆ ಧರ್ಮಗುರುಗಳಾಗಿ ಇಬ್ಬರು ರಬ್ಬಿಗಳು. ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಿದ ಉದಾಹರಣೆ ಇಲ್ಲವಾದ್ದರಿಂದ ಆಡಳಿತ ಸುಗಮವಾಗಿತ್ತು. ಒಬ್ಬನನ್ನು ಸ್ಥಳಾಂತರಿಸಲೇಬೇಕೆಂದು ರಬ್ಬಿ ನಿಸಿಮ್ ಹೇಳಿದರು. ಮೂಳೆ ಅಲುಗಿದರೆ ಅಂತಿಮ ತೀರ್ಪಿನ ದಿನವೇ ಬಂತೆಂದು ಸತ್ತವರು ನಡುಗುತ್ತಾರೆ, ಕೂಡದು ಎಂದು ರಬ್ಬಿ ಗೆಲ್ಬರ್ ಹೇಳಿದರು. ಬೇಸಿಗೆಯೆಲ್ಲ ಚರ್ಚೆ ನಡೆಯಿತು.

ಅಲ್ಲೆಗ್ರಾಳಿಗೆ ರೇಗಿತು. "ಹಂಗಾದ್ರೆ ನಾನು ಸತ್ತಾಗ ಹೂಳ್ಬೇಡಿ, ಸುಟ್ಬಿಡಿ. ಬೂದಿಗೆ ನೆರೆಹೊರೆ ಕಾಟ ಇರಲ್ಲ!"

ಮಣ್ಣಿನಿಂದ ಬಂದ ದೇಹಕ್ಕೆ ಬೆಂಕಿಯೇ! ಇಬ್ಬರು ರಬ್ಬಿಗಳೂ ಒಟ್ಟಿಗೇ ಎದ್ದುನಿಂತು "ಆಗದು!" ಎಂದರು. ಇದು ಸಂಘದ ಇತಿಹಾಸದಲ್ಲೇ ಮೊದಲ ಸರ್ವಾನುಮತದ ನಿರ್ಣಯ. ಆಕೆ ಆಡಿದ್ದನ್ನು ಮಾಡುವವಳೆಂದು ಊರಿಗೇ ಗೊತ್ತಿತ್ತು.

ಆ ಗಾಬರಿಯಲ್ಲೇ ಗೆಲ್ಬರರಿಗೆ ದಾರಿ ಹೊಳೆಯಿತು. "ಶಾಸ್ತ್ರದಲ್ಲಿ ವೈರಿ ಅಂದ್ರೆ ಯಾರು? ದ್ವೇಷದಿಂದ ಮೂರು ದಿನ ಮಾತಾಡದೆ ಇದ್ದವನು. ಮಾತಾಡಿಬಿಟ್ರೆ ವೈರಿಗಳೇ ಅಲ್ಲ!"

"ಸತ್ತವರು ಹೇಗ್ರೀ ಮಾತಾಡ್ತಾರೆ?" ಎಂದರು ನಿಸಿಮ್.

"ಹೆಂಡತಿಯರು ಇದಾರಲ್ಲ."

ಸ್ಮಶಾನದ ಬಾಗಿಲಿಗೆ ಪ್ರಕಟಣೆ ಅಂಟಿತು: "ದಿವಂಗತರ ಪರವಾಗಿ ಪತ್ನಿಯರು ಪ್ರತಿ ಮೂರು ದಿನಕ್ಕೊಮ್ಮೆಯಾದರೂ ಪರಸ್ಪರ ಮಾತನಾಡತಕ್ಕದ್ದು. ವಿಷಯಕ್ಕೆ ನಿರ್ಬಂಧವಿಲ್ಲ."

ಮೊದಲ ದಿನ ಅಲ್ಲೆಗ್ರಾ ಗೋರಿಯ ಪಕ್ಕ ನಿಂತು ಗಂಡನಾಗಿ ನುಡಿದಳು: "ಕಿಟಕಿ ಮುಚ್ಚಿ ಮುಚ್ಚಿ, ಸೆಕೆಯಲ್ಲೇ ನನ್ನ ಕೊಂದ್ಯಲ್ಲೋ!"

"ನೀನು ಸತ್ತಿದ್ದು ಕರಿದ ಮೀನು ತಿಂದು! ನೀನು ತೆರೆದಿಟ್ಟ ಕಿಟಕಿ ಗಾಳಿಗೆ ಕೆಮ್ಮಿ ಕೆಮ್ಮಿ ಸತ್ತವನು ನಾನು," ಎಂದಳು ಸುಲ್ತಾನಾ.

ಮಾತುಕತೆ ತೃಪ್ತಿಕರವಾಗಿದೆಯೆಂದು ಸಂಘ ಘೋಷಿಸಿತು.

ಚಳಿಗಾಲದಲ್ಲಿ ಅಲ್ಲೆಗ್ರಾ ಜ್ವರದಿಂದ ಮಲಗಿದಳು. ಗಡುವು ತಪ್ಪಬಾರದೆಂದು ಸುಲ್ತಾನಾ ಕೋಳಿ ಸಾರು ಹಿಡಿದು ಅವಳ ಮನೆಗೇ ಹೋದಳು.

"ಉಪ್ಪೇ ಇಲ್ಲ ಇದಕ್ಕೆ," ಎಂದಳು ಅಲ್ಲೆಗ್ರಾ.

"ನಮ್ಮವ್ರಿಗೆ ಸಪ್ಪೆಯೇ ಸೇರ್ತಿತ್ತು ಕಣೇ." ಆಮೇಲೆ ಇಬ್ಬರೂ ಅತ್ತರು. ಅಳು ಮಾತಿನ ಲೆಕ್ಕಕ್ಕೆ ಬರುವುದಿಲ್ಲವೆಂದು ಸಂಘ ತಿಳಿಸಿದ್ದರಿಂದ ಕಣ್ಣೊರೆಸಿಕೊಂಡು ಜಗಳ ಮುಂದುವರಿಸಿದರು.

ಆಕೆ ಚೇತರಿಸಿಕೊಂಡ ಮೇಲೆ ಗೋರಿಗಳ ಬಳಿ ಗದ್ದಲ ಇಮ್ಮಡಿಯಾಯಿತು. ತಮ್ಮ ಹಿರಿಯರಿಗೆ ನೆಮ್ಮದಿಯಿಲ್ಲವೆಂದು ಸುತ್ತಲಿನ ಗೋರಿಗಳ ಬಂಧುಗಳು ದೂರಿತ್ತರು. ನೆಮ್ಮದಿಯಿಲ್ಲದ ಗೋರಿಯನ್ನು ಸ್ಥಳಾಂತರಿಸಬಹುದೆಂದರು ನಿಸಿಮ್. ಹೇಗೂ ಎಚ್ಚರವಾಗಿರುವ ಸತ್ತವರು ಮೂಳೆ ಅಲುಗಿದರೂ ನಡುಗುವುದಿಲ್ಲವೆಂದು ಗೆಲ್ಬರರೂ ಹೌದೆಂದರು.

ಸದ್ಯ ಸುತ್ತಲಿನ ಎಲ್ಲ ಗೋರಿಗಳನ್ನೂ ಮೇಲಿನ ಗುಡ್ಡಕ್ಕೆ ಸಾಗಿಸಲಾಗುತ್ತಿದೆ. ಮೆನಾಶೆ, ಶಾಲ್ತಿಯೇಲರನ್ನು ಮಾತ್ರ ಕದಲಿಸುವುದಿಲ್ಲ. ಸತ್ತವರಿಗೆ ತೊಂದರೆ ಕೊಡಬಾರದಲ್ಲ.